ಅತ್ತೆ ಬಗ್ಗಿಸಬಲ್ಲ ಏರ್‌ಗನ್ನು

ಈಗ ಮೂರು ತಿಂಗಳಿಂದ ನಾನು ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಗೋಡೆಯ ಮುಂದೆ ನಿಂತು ಬೆರಳು ಹತ್ತಿಸುತ್ತೇನೆ. ತಮಾಷೆಯಲ್ಲ. ಬಲಭುಜ ಹಿಡಿದುಕೊಂಡಿದೆ. ಗೋಡೆಗೆ ಕೈ ಇಟ್ಟು ಎರಡು ಬೆರಳಲ್ಲಿ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಮೇಲೆ ಹೋಗಿ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನೆ ಮುಟ್ಟಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಇವತ್ತು ಅದಕ್ಕಿಂತ ಒಂದು ಬೆರಳು ಮೇಲೆ ಮುಟ್ಟಬೇಕಂತೆ. ಆಗದ ದಿನ ಸುಳ್ಳು ಗೆರೆ ಎಳೆಯುವುದೂ ಉಂಟು. ಹುಡುಗರ ಲ್ಯಾಬ್ ರೆಕಾರ್ಡಿನಲ್ಲಿ ಸುಳ್ಳು ರೀಡಿಂಗ್ ಹಿಡಿದು ಕಿವಿ ಹಿಂಡುತ್ತಿದ್ದ ಮೇಷ್ಟ್ರು ನಾನು! ನನ್ನ ಹೆಂಡತಿ ಜಯ ಅಡಿಗೆಮನೆಯಿಂದ ಇಣುಕಿ, "ಹಲ್ಲಿ ಎಲ್ಲಿವರೆಗೆ ಬಂತು?" ಎಂದು ಕೇಳುತ್ತಾಳೆ.

ಮೊನ್ನೆ ಅಂಗಿಯ ಬಲತೋಳಿಗೆ ಕೈ ತೂರಿಸಲಾಗದೆ ಒದ್ದಾಡುತ್ತಿದ್ದೆ. ಅವಳೇ ಹಿಂದಿನಿಂದ ಬಂದು ತೋಳು ಏರಿಸಿ, ಗುಂಡಿ ಹಾಕುತ್ತಾ, "ನಮ್ಮಪ್ಪಯ್ಯಂಗೂ ಹಿಂಗೇ ಆಗಿತ್ತು ಅಲ್ವಾ?" ಎಂದಳು. ಅಷ್ಟೇ ಸಾಕಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರು ಮಾಡಿದೆವು. ನಕ್ಕು ನಕ್ಕು ನನ್ನ ಭುಜ ಇನ್ನಷ್ಟು ನೋಯಿತು. ಆ ನಗೆಯಲ್ಲಿ ಅರ್ಧ ನಗೆ, ಅರ್ಧ 'ಸದ್ಯ, ಬಚಾವಾದೆವು' ಅನ್ನುವ ನಿಟ್ಟುಸಿರು. ಇಷ್ಟು ವರ್ಷವಾದರೂ ಆ ನಿಟ್ಟುಸಿರು ಪೂರ್ತಿ ಮುಗಿದಿಲ್ಲ ನೋಡಿ.

ಅದು ಅರವತ್ತರ ದಶಕದ ಶುರು. ನಾನು ಚನ್ನರಾಯಪಟ್ಟಣದಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಮದುವೆಯಾಗಿ ಎರಡು ವರ್ಷ. ನನ್ನ ಆಗಿನ ಮೈಕಟ್ಟಿನ ವಿಷಯ ಕೇಳಬೇಡಿ. ಧಾರೆಗೆ ಕೂತಿದ್ದಾಗ ಹೆಣ್ಣಿನ ಕಡೆಯ ಒಬ್ಬ ಅಜ್ಜಿ, "ಪಂಚೆ ಬಂದು ಕುಂತೈತೆ, ಗಂಡು ಯಾವಾಗ ಬತ್ತದಂತೆ?" ಎಂದು ಕೇಳಿದ್ದು ಜಯನ ತವರಿನಲ್ಲಿ ಬಹಳ ಕಾಲ ಚಾಲ್ತಿಯಲ್ಲಿತ್ತು. ತೋಳುಗಳಂತೂ ಸೀಮೆಸುಣ್ಣ ಎತ್ತಲು ಮಾತ್ರ ಸಾಕಾಗುವಂಥವು.

ಆಯುಧಕ್ಕೂ ನನಗೂ ಎಂದೂ ಆಗಿಬಂದದ್ದಿಲ್ಲ. ಚಿಕ್ಕಂದಿನಲ್ಲಿ ನಮ್ಮ ಹೊಲದಲ್ಲಿ ಜೋಳ ಕಾಯಲು ಅಟ್ಟಣೆ ಹಾಕುತ್ತಿದ್ದರು. ಎಳೇ ತೆನೆಯ ವಾಸನೆ, ಕೆಳಗೆ ಒದ್ದೆ ಮಣ್ಣು, ಬಡಿಯುವುದಕ್ಕೆ ಒಂದು ತಗಡಿನ ಡಬ್ಬ, ಬೀಸುವುದಕ್ಕೆ ಒಂದು ಕವಣೆ. ನನ್ನ ಓರಗೆಯವರೆಲ್ಲ ಕವಣೆಗೆ ಕಲ್ಲಿಟ್ಟು ಬೀಸಿದರೆ ಗಿಣಿ ಹಿಂಡು ಎದ್ದು ಹಾರುತ್ತಿತ್ತು. ನಾನು ಬೀಸಿದ ಕಲ್ಲು ಏಕೋ ಹಿಂದಕ್ಕೇ ಹೋಗುತ್ತಿತ್ತು. ಒಂದು ಬೆಳಿಗ್ಗೆ ಅದು ಬೇಲಿ ಮರೆಗೆ ಹೊರಟಿದ್ದ ನಮ್ಮ ತಾತನ ಕೈಯ ಚೊಂಬಿಗೆ ಬಡಿಯಿತು. ಚೊಂಬು ಸೊಟ್ಟಗಾಯಿತು, ನೀರು ಚೆಲ್ಲಿತು, ತಾತನ ಕೆಲಸ ಮಾತ್ರ ಉಳಿಯಿತು. ಅವರು ಅಟ್ಟಣೆ ಕೆಳಗೆ ಬಂದು, "ಲೇ, ನೀನು ಡಬ್ಬ ಬಡಿ ಸಾಕು. ಕವಣೆ ಮುಟ್ಟುದ್ರೆ ಕೈ ಮುರೀತೀನಿ," ಎಂದರು. ಅಲ್ಲಿಗೆ ನನ್ನ ಶಸ್ತ್ರಾಭ್ಯಾಸ ಮುಗಿದಿತ್ತು.

ಇಂಥವನಿಗೆ ಸಿಕ್ಕ ಮಾವನವರು ಬೋರೇಗೌಡರು. ಅರಕಲಗೂಡು ತಾಲ್ಲೂಕಿನಲ್ಲಿ, ಮಲ್ಲಿಪಟ್ಟಣದ ಆಚೆಗೆ ಅವರ ಊರು. ದೊಡ್ಡ ಗದ್ದೆ ಬಯಲು, ದೊಡ್ಡ ಮೀಸೆ, ಕಡಿಮೆ ಮಾತು. ಅವರ ನಡುಮನೆಯ ಗೋಡೆಯಲ್ಲಿ ಎರಡು ಮೊಳೆಗಳ ಮೇಲೆ ಒಂದು ಏರ್‌ಗನ್ನು ಮಲಗಿರುತ್ತಿತ್ತು. ನೀವು ನೋಡಿರುತ್ತೀರಿ: ನಳಿಗೆಯನ್ನು ಹಿಡಿದು ಕೆಳಕ್ಕೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಕುಗ್ಗಿ 'ಟಕ್' ಎಂದು ಕೂರುತ್ತದೆ. ಬಾಯಿಗೆ ಒಂದು ಸೀಸದ ಗುಂಡು ಇಟ್ಟು ನಳಿಗೆ ನೆಟ್ಟಗೆ ಮಾಡಿ ಕುದುರೆ ಎಳೆದರೆ ಸ್ಪ್ರಿಂಗು ಬಿಟ್ಟುಕೊಂಡು, ಗಾಳಿ ನುಗ್ಗಿ, ಗುಂಡು ಹಾರುತ್ತದೆ. ಮದ್ದಿಲ್ಲ, ಬೆಂಕಿಯಿಲ್ಲ. ಇರುವ ಕಷ್ಟವೆಲ್ಲ ಆ ಬಗ್ಗಿಸುವುದರಲ್ಲಿ.

ಆ ಗನ್ನಿಗೆ ಆ ಮನೆಯಲ್ಲಿ ಒಂದು ದೊಡ್ಡ ದಿನವಿತ್ತು. ಆಯುಧಪೂಜೆಯಲ್ಲಿ ನೇಗಿಲು, ಕುಡುಗೋಲು, ಮಚ್ಚು, ಗಾಡಿ ಎಲ್ಲದರ ಜೊತೆ ಅದಕ್ಕೂ ಪೂಜೆ. ಅವತ್ತು ಯಾವುದನ್ನೂ ಕೆಲಸಕ್ಕೆ ಮುಟ್ಟುವ ಹಾಗಿಲ್ಲ. ಮಾರನೆಯ ದಿನ, ದಶಮಿಯ ಬೆಳಿಗ್ಗೆ, ಮನೆಯ ಹಿರಿಯ ಮೊದಲು ಗನ್ನು ಎತ್ತಬೇಕು. ಕಣದ ಹುಣಿಸೆಮರಕ್ಕೆ ಓಕುಳಿ ನೀರು ತುಂಬಿದ ಒಂದು ಮಣ್ಣಿನ ಕುಡಿಕೆ ಕಟ್ಟಿರುತ್ತಾರೆ. ಊರಿನವರ ಎದುರಿಗೆ ನಳಿಗೆ ಬಗ್ಗಿಸಿ, ಗುಂಡಿಟ್ಟು, ಕುಡಿಕೆ ಹೊಡೆಯಬೇಕು. ಕೆಂಪು ನೀರು ನೆಲಕ್ಕೆ ಬಿದ್ದ ಮೇಲೆಯೇ ಬಯಲಿನಲ್ಲಿ ಗಿಣಿ ಕಾಯುವ ಕೆಲಸ ಶುರು. ಕುಡಿಕೆ ಹೊಡೆದವರ ಮಾತು ವರ್ಷವೆಲ್ಲ ಆ ಬಯಲಿಗೆ ನಡೆಯುತ್ತಿತ್ತು. ಯಾರ ಗದ್ದೆಗೆ ಮೊದಲು ನೀರು, ಯಾರ ಕೊಯ್ಲು ಮೊದಲು, ಎಲ್ಲ ಅವರೇ ಹೇಳಬೇಕು. ಹಿರಿಯನ ಕೈಲಿ ನಳಿಗೆ ಬಗ್ಗದಿದ್ದರೆ ಗನ್ನು ಪಕ್ಕದಲ್ಲಿ ನಿಂತ ಮುಂದಿನವನ ಕೈಗೆ ಹೋಗುತ್ತದೆ. ಹೋದರೆ ಹೋಯಿತು, ವಾಪಸು ಬರುವ ಪದ್ಧತಿಯಿಲ್ಲ. ಮಾವನವರ ಕೈಗೂ ಅದು ಹಾಗೆಯೇ ಬಂದಿತ್ತು, ಅವರ ದೊಡ್ಡಪ್ಪನ ಕೈ ಸೋತ ವರ್ಷ. ಆಮೇಲೆ ಆ ದೊಡ್ಡಪ್ಪ ಜಗುಲಿ ಬಿಟ್ಟು ಬೀದಿಗೆ ಇಳಿಯಲಿಲ್ಲವಂತೆ.

ಈಗ ಪಕ್ಕದಲ್ಲಿ ನಿಲ್ಲುವ ಆ ಮುಂದಿನವರು ತಿಮ್ಮೇಗೌಡರು. ಮಾವನವರ ಚಿಕ್ಕಪ್ಪನ ಮಗ, ಹತ್ತು ವರ್ಷ ಚಿಕ್ಕವರು, ಮಾವನವರಿಗಿಂತ ಅಗಲದ ಎದೆ. ಭಾಗವಾದಾಗ ಕಾಲುವೆಯ ಒಂದು ತೂಬಿನ ವಿಷಯಕ್ಕೆ ಇಬ್ಬರಿಗೂ ಮಾತು ಬೆಳೆದು, ಆಮೇಲೆ ಏಳು ವರ್ಷ ಮಾತೇ ಇರಲಿಲ್ಲ. ಮನೆಗಳ ನಡುವೆ ಒಂದೇ ಗೋಡೆ. ಈಚೆ ಕೆಮ್ಮಿದರೆ ಆಚೆ ಕೇಳುತ್ತಿತ್ತು. ಆದರೂ ದಶಮಿಯ ದಿನ ತಿಮ್ಮೇಗೌಡರು ತಪ್ಪದೆ ಬಂದು ಮಾವನವರ ಬಲಕ್ಕೆ ನಿಂತು, ಕುಡಿಕೆ ಒಡೆದದ್ದು ನೋಡಿ, ತುಟಿ ಬಿಚ್ಚದೆ ಹೋಗುತ್ತಿದ್ದರು.

ಆ ವರ್ಷ ನಾಟಿಯ ಸಮಯದಲ್ಲಿ ಮಾವನವರು ಬದುವಿನ ಮೇಲೆ ಜಾರಿ, ಬಲಭುಜ ಊರಿ ಬಿದ್ದರು. "ಏನೂ ಆಗಿಲ್ಲ, ಓಗ್ರೋ," ಎಂದು ಎಲ್ಲರನ್ನೂ ಗದರಿ ಎದ್ದು ಬಂದರಂತೆ. ಆಗಿದ್ದು ಅತ್ತೆಗೆ ಮಾತ್ರ ಗೊತ್ತು. ಗಂಡ ಅಂಗಿ ಹಾಕುವುದು ಬಿಟ್ಟು ಕಂಬಳಿ ಹೊದ್ದು ಓಡಾಡುವುದು, ಎಡಗೈಯಲ್ಲಿ ತಲೆ ಬಾಚುವುದು, ನಡುಮನೆಯ ಗೋಡೆಯ ಕಡೆ ನೋಡಿ ಮುಖ ತಿರುಗಿಸುವುದು, ಇದನ್ನೆಲ್ಲ ಅವರು ಸುಮ್ಮನೆ ನೋಡುತ್ತಿದ್ದರು. ದಿನಾ ಹರಳೆಣ್ಣೆ ಬಿಸಿ ಮಾಡಿ ಭುಜಕ್ಕೆ ತಿಕ್ಕುತ್ತಿದ್ದರು. ತೋಳು ಎದೆಯ ಮಟ್ಟಕ್ಕಿಂತ ಮೇಲೆ ಬರಲಿಲ್ಲ, ಜೋರು ಹಾಕಿ ಎಳೆಯಲಂತೂ ಆಗುತ್ತಲೇ ಇರಲಿಲ್ಲ.

ಗೌರಿಹಬ್ಬಕ್ಕೆ ತವರಿಗೆ ಹೋಗಿದ್ದ ಜಯ ವಾಪಸು ಬಂದವಳೇ ಬ್ಯಾಗು ಇಳಿಸದೆ ಹೇಳಿದಳು: "ರೀ, ನೀವೊಂದು ಏರ್‌ಗನ್ನು ತರಬೇಕು. ಅವ್ವ ಹೇಳಿ ಕಳಿಸೈತೆ."

"ನಾನಾ? ಏರ್‌ಗನ್ನಾ?"

"ಹ್ಞೂ. ಅಪ್ಪಯ್ಯ ಇಲ್ದಾಗ ಅವ್ವ ಹಳೇ ಗನ್ನ ತಾನೇ ಬಗ್ಗಿಸಿ ನೋಡ್ತಂತೆ. ಒಂದಿಂಚೂ ಬಗ್ಗಲಿಲ್ಲವಂತೆ. 'ನನ್ನ ಕೈಲಿ ಬಗ್ಗುವಂಥದು ತರಕ್ಕೇಳು ಮೇಷ್ಟ್ರಿಗೆ. ನನ್ನ ಕೈಲಿ ಬಗ್ಗುದ್ರೆ ನಿಮ್ಮಪ್ಪನ ಎಡಗೈಲೂ ಬಗ್ಗುತ್ತೆ. ಆದ್ರೆ ಅದು ಸಲೀಸು ಅಂತ ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು,' ಅಂತು." ಇಷ್ಟು ಹೇಳಿ ಜಯ ಅತ್ತುಬಿಟ್ಟಳು. "ಅಪ್ಪಯ್ಯನೂ ಆ ದೊಡ್ಡಪ್ಪಜ್ಜನ ಥರ ಜಗುಲಿ ಮೇಲೆ ಕೂರೋದ ನನ್ನ ಕೈಲಿ ನೋಡಕ್ಕಾಗಲ್ಲ."

ದಶಮಿಗೆ ತಿಂಗಳು ಉಳಿದಿತ್ತು. ನಾನು ಧೈರ್ಯವಾಗಿ, "ಅದೇನು ಮಹಾ, ಬಿಡು," ಎಂದೆ. ಎಷ್ಟೆಂದರೂ ವಿಜ್ಞಾನದ ಮೇಷ್ಟ್ರು.

ಶನಿವಾರ ಹಾಸನಕ್ಕೆ ಹೋದೆ. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಟಾರ್ಚು, ಸೈಕಲ್ಲು, ಪೆಟ್ರೋಮ್ಯಾಕ್ಸು ಮಾರುವ ಒಂದು ಅಂಗಡಿಯಲ್ಲಿ ನಾಲ್ಕು ಏರ್‌ಗನ್ನು ನಿಲ್ಲಿಸಿದ್ದರು. ಬಗ್ಗಿಸಲು ಸಲೀಸಾದದ್ದು ಕೊಡಿ ಎಂದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಸಾ, ಎಲ್ಲಾರೂ ಪವರ್ ಯಾವ್ದ್ರಲ್ಲಿ ಜಾಸ್ತಿ ಅಂತ ಕೇಳ್ತಾರೆ. ನೀವು ಸಲೀಸು ಕೇಳ್ತೀರಲ್ಲ! ಹೊಡೆಯೋದು ಏನ್ನ, ಸೊಳ್ಳೆನಾ?"

ಅಂಗಡಿಯಲ್ಲಿದ್ದ ಮೂರು ಜನ ನಕ್ಕರು. ನನಗೆ ಮೈಯೆಲ್ಲ ಬೆವರಿತು. ಅವರೆದುರಿಗೆ ನಳಿಗೆ ಬಗ್ಗಿಸಲು ಹೋಗಿ ಅದು ಬಗ್ಗದಿದ್ದರೆ? ಆ ನಾಚಿಕೆಯಲ್ಲಿ ಒಂದನ್ನೂ ಬಗ್ಗಿಸಿ ನೋಡಲಿಲ್ಲ. ನಾಲ್ಕರಲ್ಲಿ ಗಿಡ್ಡಗೆ, ಹಗುರವಾಗಿ, ಆಟದ ಸಾಮಾನಿನ ಹಾಗಿದ್ದ ಒಂದನ್ನು ತೋರಿಸಿ, "ಇದು," ಎಂದೆ. ಚಿಕ್ಕದು ತಾನೆ, ಸುಲಭವಾಗಿ ಬಗ್ಗುತ್ತದೆ ಎಂದು ನನ್ನ ಲೆಕ್ಕ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಎಳೆದೆ. ಬಗ್ಗಲಿಲ್ಲ. ಮಂಚದ ಕಾಲಿಗೆ ಸಿಕ್ಕಿಸಿ ಎಳೆದೆ. ಮಂಚ ಬಂತು, ನಳಿಗೆ ಬರಲಿಲ್ಲ. ಕೊನೆಗೆ ಗನ್ನನ್ನು ಎರಡು ಮಂಡಿಗಳ ನಡುವೆ ಇಟ್ಟುಕೊಂಡು ಜೋತುಬಿದ್ದೆ. ಜಯ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ನಳಿಗೆ ಇಷ್ಟು ಮೋಟು ಇದ್ರೆ ಹಿಡಿಯೋದು ಎಲ್ಲಿ, ಎಳೆಯೋದು ಎಲ್ಲಿ? ಕೋಲು ಉದ್ದ ಇದ್ದಷ್ಟೂ ಶಕ್ತಿ ಕಮ್ಮಿ ಸಾಕು ಅಂತ ಮೊನ್ನೆ ಪಕ್ಕದ ಮನೆ ಹುಡುಗಿಗೆ ಸನ್ನೆಕೋಲಿನ ಪಾಠ ಹೇಳ್ತಿದ್ದೋರು ಯಾರು?"

ಸನ್ನೆಕೋಲಿನ ಮೂರು ವಿಧ, ಪ್ರತಿಯೊಂದಕ್ಕೂ ಎರಡೆರಡು ಉದಾಹರಣೆ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದೆ. ಆ ಪಾಠಕ್ಕೂ ಅಂಗಡಿಗೂ ಸಂಬಂಧವಿದೆ ಎಂದು ಮಾತ್ರ ಹೊಳೆದಿರಲಿಲ್ಲ. ಸೋಮವಾರ ಗನ್ನನ್ನು ವಾಪಸು ಕೊಟ್ಟು ಬಂದೆ. ಅಂಗಡಿಯವನು, "ಸೊಳ್ಳೆ ತಪ್ಪಿಸ್ಕೊಂತಾ ಸಾ?" ಎಂದ.

ಆಮೇಲೆ ಯಾರೋ ಹೊಳೆನರಸೀಪುರದ ಒಬ್ಬ ಸಾಬರ ಹೆಸರು ಹೇಳಿದರು. ಬುಡೇನ್ ಸಾಬರು ಬೀಗ, ಛತ್ರಿ, ಹೊಲಿಗೆ ಮಿಷನ್ನು, ಏರ್‌ಗನ್ನು ಎಲ್ಲ ರಿಪೇರಿ ಮಾಡುತ್ತಿದ್ದರು. ಈ ಸಲ ಜಯ ನನ್ನನ್ನು ಒಬ್ಬನೇ ಕಳಿಸಲಿಲ್ಲ. "ನಮ್ಮವ್ವನ ಕೈಯಳತೆ ನನ್ನ ಕೈ. ನಾನೇ ನೋಡ್ತೀನಿ," ಎಂದು ಹೊರಟಳು. ಗಂಡ ಹೆಂಡತಿ ಸೀರೆ ಕೊಳ್ಳಲು ಹೋಗುವ ಕಾಲವೇ ಇನ್ನೂ ಸರಿಯಾಗಿ ಬಂದಿರಲಿಲ್ಲ, ನಾವು ಗನ್ನು ಕೊಳ್ಳಲು ಹೋದೆವು.

ಸಾಬರು ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಸಲೀಸಾಗಿ ಬಗ್ಗಬೇಕು. ಸರಿ. ಯಾರ ಕೈಗೆ ಸ್ವಾಮಿ?"

"ನನಗೇ," ಎಂದೆ. ಮಾವನವರ ಗುಟ್ಟು ಹೊರಗೆ ಹೋಗಬಾರದಲ್ಲ. ಸಾಬರು ನನ್ನ ತೋಳನ್ನು ಒಂದು ಸಲ ನೋಡಿ, "ಗೊತ್ತಾಯ್ತು, ಗೊತ್ತಾಯ್ತು," ಎಂದು ಒಳಗೆ ಎದ್ದು ಹೋದರು. ಒಂದು ಮಾತು ಅನುಮಾನ ಪಡಬಾರದಿತ್ತೇ! ನನಗೆ ಸ್ವಲ್ಪ ಬೇಜಾರೇ ಆಯಿತು.

ಅವರು ಹಿಡಿದು ಬಂದದ್ದು ಉದ್ದ ನಳಿಗೆಯ ಹಳೆಯ ಗನ್ನು. ಮರದ ಹಿಡಿ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ನೋಡಿದರೆ ಭಯವಾಗುವಷ್ಟು ಗತ್ತು. "ನೋಡಿ, ನಳಿಗೆ ಉದ್ದ ಇದ್ರೆ ಕೈಗೆ ಭಾರ ಬೀಳೋದಿಲ್ಲ. ಸ್ಪ್ರಿಂಗು ಹಳೇದು, ಪಳಗಿದೆ. ಹೊಸ ಸ್ಪ್ರಿಂಗು ಅಂದ್ರೆ ಹೊಸ ಹೋರಿ, ಒದೀತದೆ. ಇನ್ನೊಂದು ಮಾತು ಕೇಳಿ. ಜನ ತೋಳಲ್ಲಿ ಎಳೀತಾರೆ, ಅದು ತಪ್ಪು. ಮೊದಲು ನಳಿಗೆ ತುದಿಗೆ ಅಂಗೈಲಿ ಒಂದು ಏಟು ಕೊಡಿ, ಬಾಯಿ ಬಿಡ್ತದೆ. ಹಿಡೀನ ತೊಡೆಗೆ ಆನಿಸ್ಕೊಳ್ಳಿ. ತುದೀಲಿ ಹಿಡ್ಕೊಂಡು ನಿಮ್ಮ ಮೈ ಬಗ್ಸಿ. ಮೈ ಬಗ್ಗಿದ್ರೆ ಅದೂ ಬಗ್ತದೆ."

ನಾನು ಕೈ ಚಾಚುವುದರೊಳಗೆ ಜಯ, "ನನಗೆ ಕೊಡಿ," ಎಂದಳು. ಸೆರಗು ಸಿಕ್ಕಿಸಿ, ಸ್ಟೂಲಿನ ಮೇಲೆ ಕೂತು, ಹಿಡಿಯನ್ನು ತೊಡೆಗೆ ಆನಿಸಿ, ಬಲಗೈಯನ್ನು ಬೇಕೆಂದೇ ಮಡಿಲಲ್ಲಿ ಇಟ್ಟುಕೊಂಡು ಎಡಗೈಯಲ್ಲಿ ನಳಿಗೆಯ ತುದಿ ಹಿಡಿದಳು. ಬಗ್ಗಿದಳು. ಟಕ್! ನನ್ನ ಆಯುಸ್ಸಿನಲ್ಲಿ ಅಷ್ಟು ಹಿತವಾದ ಶಬ್ದ ಕೇಳಿಲ್ಲ. ಜಯ ತಲೆಯೆತ್ತಿದಾಗ ಕಣ್ಣು ತುಂಬಿತ್ತು. ಸಾಬರು ಅವಳನ್ನೂ ನನ್ನನ್ನೂ ನೋಡಿ, "ಅಮ್ಮಾವ್ರಿಗೆ ಇಷ್ಟು ಕೋಪ ಬರೋ ಹಾಗೆ ಏನು ಮಾಡಿದ್ರಿ ಸ್ವಾಮಿ?" ಎಂದರು. ಕೊಡುವಾಗ ಒಂದು ಎಚ್ಚರಿಕೆಯನ್ನೂ ಹೇಳಿದರು: "ಕುಡಿಕೆ ಗಿಡಿಕೆ ಒಡೀತದೆ, ತೊಂದರೆ ಇಲ್ಲ. ಶಬ್ದ ಮಾತ್ರ ಕಮ್ಮಿ. ಪುಸ್ ಅಂತದೆ ಅಷ್ಟೆ."

ಗನ್ನನ್ನು ಜಮಖಾನದಲ್ಲಿ ಸುತ್ತಿ ಬಸ್ಸು ಹತ್ತಿದೆವು. ಕಂಡಕ್ಟರು, "ತಂಬೂರಿನಾ ಸಾ?" ಎಂದ. ಹೂಂ ಎಂದುಬಿಟ್ಟೆ. ಎದುರಿಗೆ ಕೂತಿದ್ದ ಯಜಮಾನರು ಕೈಮುಗಿದು, ಊರು ತಲುಪುವವರೆಗೆ ಒಂದು ದೇವರನಾಮ ಆಗಲಿ ಎಂದು ಹಿಡಿದುಕೊಂಡರು. ಜಯ ಗಂಭೀರವಾಗಿ, "ಅವರಿಗೆ ಗಂಟಲು ಕಟ್ಟೈತೆ," ಎಂದಳು. ಇಳಿಯುವವರೆಗೂ ನಾನು ಕೆಮ್ಮುತ್ತಲೇ ಇರಬೇಕಾಯಿತು.

ಆದರೆ ನಗುವಿನ ಕೆಳಗೆ ಆ 'ಪುಸ್' ನನ್ನನ್ನು ಕೊರೆಯುತ್ತಿತ್ತು. ಹಳೆಯ ಗನ್ನು 'ಫಟ್' ಎನ್ನುತ್ತಿದ್ದುದನ್ನು ಊರೆಲ್ಲ ಕೇಳಿದೆ. ಈಗ ಪುಸ್ ಎಂದರೆ ತಿಮ್ಮೇಗೌಡರಿಗೆ ಗೊತ್ತಾಗದೆ ಇರುತ್ತದೆಯೇ?

ಆಯುಧಪೂಜೆಗೆ ಎರಡು ದಿನ ಮುಂಚೆ ಊರಿಗೆ ಹೋದೆವು. ಜಮಖಾನ ಬಿಚ್ಚಿದಾಗ ಮಾವನವರು ಹುಬ್ಬು ಗಂಟಿಕ್ಕಿದರು. "ಇದ್ಯಾಕೆ ಮೇಷ್ಟ್ರೇ? ಹಳೇದು ಐತಲ್ಲ."

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಸುಳ್ಳನ್ನು ಒಪ್ಪಿಸಿದೆ: "ಹಳೇದರ ಸ್ಪ್ರಿಂಗು ಸೋತಿದೆ ಮಾವ. ಇದು ಬಹಳ ಬಿಗಿ. ನನ್ನ ಕೈಲಂತೂ ಬಗ್ಗಲೇ ಇಲ್ಲ. ನೀವಾದರೆ ಸರಿ ಎಂದು ತಂದೆ."

ಅವರು ಗನ್ನನ್ನು ಎಡಗೈಯಲ್ಲಿ ಎತ್ತಿಕೊಂಡು ಹಿತ್ತಿಲಿಗೆ ಹೋದರು. ನಾನು, ಜಯ, ಅತ್ತೆ ಮೂವರೂ ಉಸಿರು ಬಿಗಿಹಿಡಿದು ನಡುಮನೆಯಲ್ಲಿ ನಿಂತೆವು. ಹಿತ್ತಿಲಿನಿಂದ 'ಟಕ್' ಎಂದು ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಕ್. ಮಾವನವರು ಒಳಗೆ ಬಂದಾಗ ಅವರ ಮುಖ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು.

"ಬಿಗಿ ಐತೆ," ಎಂದರು ನನ್ನ ಕಡೆ ನೋಡದೆ.

"ಹೌದು ಮಾವ, ಬಹಳ ಬಿಗಿ," ಎಂದೆ ನಾನೂ ಅವರ ಕಡೆ ನೋಡದೆ.

ದಶಮಿಯ ಬೆಳಿಗ್ಗೆ ಕಣದ ತುಂಬ ಜನ. ಬಯಲಿನವರು, ಆಳುಗಳು, ನೆಂಟರು, ಬೇಲಿ ಮೇಲೆ ಹತ್ತಿದ ಮಕ್ಕಳು. ಹುಣಿಸೆಮರದ ಕೊಂಬೆಯಲ್ಲಿ ಕುಡಿಕೆ ಮೆಲ್ಲಗೆ ತೂಗುತ್ತಿತ್ತು. ತಿಮ್ಮೇಗೌಡರು ಬಂದು ಮಾವನವರ ಬಲಕ್ಕೆ ನಿಂತರು. ಮಾವನವರು ಹೊಸ ಶಾಲು ಹೊದ್ದಿದ್ದರು. ಬಲಗೈಯಲ್ಲಿ ಒಂದು ಸೀಸದ ಗುಂಡನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಆ ಕೈಗೆ ಕೆಲಸವಿದೆ ಎನ್ನುವಂತೆ ಎಡಗೈಯಲ್ಲಿ ನಳಿಗೆ ತಟ್ಟಿ, ಹಿಡಿಯನ್ನು ತೊಡೆಗೆ ಆನಿಸಿ, ಮೈ ಬಗ್ಗಿಸಿದರು. ಟಕ್. ಅವರು ಇದನ್ನು ಹಿತ್ತಿಲಿನಲ್ಲಿ ಎಷ್ಟು ಸಲ ಅಭ್ಯಾಸ ಮಾಡಿರಬೇಕೆಂದು ನೆನೆದು ನನ್ನ ಗಂಟಲು ಕಟ್ಟಿತು. ಈ ಸಲ ನಿಜವಾಗಿ.

ಗುಂಡು ಬಾಯಿಗೆ ಹೋಗಿ, ನಳಿಗೆ ನೆಟ್ಟಗಾಯಿತು. ಎಡಗೈಯಲ್ಲಿ ಎತ್ತಿದರು. ಗುರಿಯಿಟ್ಟರು. ನಾನು ಆ ಪುಸ್‌ಗೆ ಕಿವಿಗೊಟ್ಟು, ಜೊತೆಗೇ ಜೋರಾಗಿ ಕೆಮ್ಮಿಬಿಡೋಣವೆಂದು ಸಿದ್ಧನಾಗಿ ನಿಂತೆ.

ಢಂ!

ಏನೆಂದು ಹೇಳಲಿ! ಹುಣಿಸೆಮರದಲ್ಲಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಒಂದು ಎತ್ತು ಹಗ್ಗ ಕಿತ್ತುಕೊಂಡು ಓಡಿತು. ನಳಿಗೆಯ ತುದಿಯಿಂದ ನೀಲಿ ಹೊಗೆ ಸುರುಳಿ ಸುರುಳಿಯಾಗಿ ಬಂತು. ಕುಡಿಕೆ ಚೂರುಚೂರಾಗಿ ಓಕುಳಿಯೆಲ್ಲ ಮರದ ಹತ್ತಿರ ನಿಂತಿದ್ದ ನನ್ನ ಬಿಳೀ ಪಂಚೆಯ ಮೇಲೆ ಬಿತ್ತು. ಆಮೇಲೆ ಯಾರೋ, "ಅಬ್ಬಬ್ಬಾ, ಗೌಡ್ರ ಗನ್ನು ಕೋವಿ ಆಗೋಯ್ತು ಕಣ್ಲಾ!" ಎಂದು ಕೂಗಿದರು. ಮಾವನವರು ಮಾತ್ರ ಅಲ್ಲಾಡದೆ, ತಾನು ನಿರೀಕ್ಷಿಸಿದ್ದು ಇದನ್ನೇ ಎನ್ನುವ ಹಾಗೆ ನಿಂತಿದ್ದರು. ಆ ಹೊಗೆಯಲ್ಲಿ ನನಗೆ ಸುಟ್ಟ ಹರಳೆಣ್ಣೆಯ ವಾಸನೆ ಬಡಿಯಿತು.

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಡುಗುತ್ತಿದ್ದಾರೆ. ಓಡಿ ಹೋದೆ. "ಮೇಷ್ಟ್ರೇ, ಕೆಟ್ನಲ್ಲಪ್ಪೋ! ಪೂಜೆ ಒತ್ನಲ್ಲಿ ನಾನೇ ಅದರ ಬಾಯಿಗೆ ಒಳಲೇಲಿ ಬಿಸಿ ಹರಳೆಣ್ಣೆ ಬಿಟ್ಟಿದ್ದೆ. ಇವರ ಭುಜಕ್ಕೆ ತಿಕ್ಕಿ ಮಿಕ್ಕಿದ್ದು. ಅದೂ ಕೀಲು ತಾನೇ, ಇನ್ನಷ್ಟು ಸಲೀಸಾಗ್ಲಿ ಅಂತ," ಎಂದರು. ಮಗುವಿಗೆ ಹಾಲು ಕುಡಿಸುವ ಒಳಲೆಯಲ್ಲಿ ಗನ್ನಿಗೆ ಎಣ್ಣೆ ಕುಡಿಸಿದ್ದರು! ಅಮುಕಿದ ಗಾಳಿ ಬಿಸಿಯಾಗಿ, ಒಳಗೆ ನಿಂತಿದ್ದ ಎಣ್ಣೆ ಹೊತ್ತಿಕೊಂಡು ಗುಡುಗಿದೆ ಎಂದು ನನಗೆ ಆಗ ಹೊಳೆಯಿತು. ಹಾಗೆ ಎಣ್ಣೆ ಬಿಟ್ಟರೆ ಗನ್ನು ಸಿಡಿದು ಕಣ್ಣೇ ಹೋಗಬಹುದಿತ್ತೆಂದು ಆಮೇಲೆ ಸಾಬರು ಹೇಳಿ ನನ್ನನ್ನು ಬೈದರು. ಆದರೆ ಆ ಹೊತ್ತಿನಲ್ಲಿ ನನಗೆ ಕಂಡದ್ದು ಒಂದೇ. ಪುಸ್ ಹೋಗಿ ಢಂ ಆಗಿತ್ತು, ಮಾವನವರು ಗೆದ್ದಿದ್ದರು. ಅತ್ತೆಯ ಕಾಲಿಗೆ ಬೀಳಬೇಕೆನ್ನಿಸಿತು.

ಆಗಲೇ ತಿಮ್ಮೇಗೌಡರು ಕೈ ಚಾಚಿದರು. "ಎಲ್ಲಿ, ಕೊಡಿಲ್ಲಿ. ಎಷ್ಟು ಬಿಗಿ ಐತೆ ನೋಡಾನ."

ಏಳು ವರ್ಷದ ಮೇಲೆ ಅವರು ಮಾವನವರ ಮುಂದೆ ಆಡಿದ ಮೊದಲ ಮಾತು ಇದು. ಇಲ್ಲವೆನ್ನಲು ಮಾವನವರಿಗೆ ದಾರಿಯಿರಲಿಲ್ಲ. ಊರೆಲ್ಲ ನೋಡುತ್ತಿತ್ತು. ಅವರು ಗನ್ನು ಕೊಟ್ಟರು. ಕೊಡುವಾಗ ಶಾಲು ಜಾರಿ, ಇಳಿಬಿದ್ದ ಬಲಭುಜ ಒಂದು ಗಳಿಗೆ ಕಂಡಿತು.

ತಿಮ್ಮೇಗೌಡರು ನಳಿಗೆ ತಟ್ಟಿ ಎಳೆದರು. ಅಂಥ ತೋಳಿಗೆ ಅದೇನು ಲೆಕ್ಕ! ನಳಿಗೆ ಬೆಣ್ಣೆಯ ಹಾಗೆ ಎರಡು ಬೆರಳಷ್ಟು ಕೆಳಗೆ ಬಂತು; ಜನಕ್ಕೆ ಅವರ ಅಗಲದ ಬೆನ್ನು ಮಾತ್ರ ಕಾಣುತ್ತಿತ್ತು. ಅಲ್ಲಿಗೆ ಕೈ ನಿಂತಿತು. ಅವರು ಕಣ್ಣೆತ್ತಿ ಮಾವನವರ ಭುಜ ನೋಡಿದರು, ಮುಖ ನೋಡಿದರು. ಮಾವನವರು ಹುಣಿಸೆಮರದ ಕಡೆಗೇ ನೋಡುತ್ತಾ ನಿಂತಿದ್ದರು, ಮೀಸೆಯ ತುದಿ ಮಾತ್ರ ಅದುರುತ್ತಿತ್ತು. ಜಯ ನನ್ನ ತೋಳನ್ನು ಉಗುರು ನೆಡುವಷ್ಟು ಹಿಡಿದುಕೊಂಡಿದ್ದಳು.

ತಿಮ್ಮೇಗೌಡರು ನಳಿಗೆಯನ್ನು ಮೆಲ್ಲಗೆ ಮೇಲಕ್ಕೆ ಬಿಟ್ಟರು. ಮತ್ತೆ ಹಿಡಿದರು. ಈ ಸಲ ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ, "ಉಹ್ಹ್" ಎಂದು ಹೂಂಕರಿಸಿದರು. ನಳಿಗೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅಲ್ಲಾಡಲು ಅವರು ಬಿಡಬೇಕಲ್ಲ! ಎರಡು ಸಲ ಹಾಗೆ ಮಾಡಿ, ಹಣೆಯ ಬೆವರೊರೆಸಿಕೊಂಡು ಗನ್ನನ್ನು ಎರಡೂ ಕೈಯಲ್ಲಿ ಮಾವನವರ ಮುಂದೆ ಹಿಡಿದರು.

"ನನ್ನ ಕೈಲಾಗಕ್ಕಿಲ್ಲ ಕಣಣ್ಣೋ. ಇದು ನಿನ್ನ ಕೈಗೇ ಸೈ," ಎಂದರು, ಕಣದ ಕೊನೆಯವರಿಗೂ ಕೇಳುವ ಹಾಗೆ.

ಜನ ಹೋ ಎಂದರು. ನಾನು ಓಕುಳಿ ಮೆತ್ತಿದ ಪಂಚೆಯಲ್ಲೇ ಕಣದ ಕಲ್ಲಿನ ಮೇಲೆ ಕೂತುಬಿಟ್ಟೆ. ಅಬ್ಬ, ಎಂಥಾ ಹಗುರ! ಒಂದು ತಿಂಗಳಿಂದ ಎದೆಯ ಮೇಲಿದ್ದ ಒರಳುಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಮಾವನವರು ಗನ್ನು ತೆಗೆದುಕೊಂಡು, "ಒಳಿಕ್ ಬಾ. ಉಂಡ್ಕಂಡ್ ಓಗೀವಂತೆ," ಎಂದರು.

ಏಳು ವರ್ಷದ ಮೇಲೆ ತಿಮ್ಮೇಗೌಡರು ಆ ಹೊಸಿಲು ದಾಟಿದರು. ಇಬ್ಬರೂ ಅಕ್ಕಪಕ್ಕ ಕೂತರು, ನಾನು ಎದುರಿಗೆ. ಅತ್ತೆ ಒಬ್ಬಟ್ಟು ಬಡಿಸಿದರು, ಜಯ ತುಪ್ಪ ಹಾಕಿದಳು. ಅರ್ಧ ಊಟದಲ್ಲಿ ಮಾವನವರು ಎಲೆಯಿಂದ ಕಣ್ಣೆತ್ತದೆ ಹೇಳಿದರು:

"ತಿಮ್ಮಾ, ನಂಗೆ ತೋಳು ಎತ್ತಕ್ಕಾಗಕ್ಕಿಲ್ಲ ಕಣ್ಲಾ. ನಾಟಿ ಕಾಲದಿಂದ ಇಂಗೇ ಐತೆ."

ನನ್ನ ತುತ್ತು ಅಲ್ಲೇ ನಿಂತಿತು. ನಾವು ಮೂವರು ಇಷ್ಟು ದಿನ ಸೆರಗಿನಲ್ಲಿ, ಜಮಖಾನದಲ್ಲಿ, ಸುಳ್ಳಿನಲ್ಲಿ ಸುತ್ತಿ ಕಾಪಾಡಿದ್ದನ್ನು ಅವರೇ, ಯಾರಿಗೆ ಗೊತ್ತಾಗಬಾರದಿತ್ತೋ ಅವರ ಮುಂದೆಯೇ, ಬಿಚ್ಚಿ ಇಟ್ಟಿದ್ದರು. ಅತ್ತೆ ಗೋಡೆಯ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡರು.

ತಿಮ್ಮೇಗೌಡರು ಒಬ್ಬಟ್ಟು ಮುರಿದು ತುಪ್ಪಕ್ಕೆ ಅದ್ದಿದರು.

"ಗೊತ್ತು ಕಣಣ್ಣ. ನೀನು ಅಂಗಿ ಬಿಟ್ಟು ಕಂಬಳಿ ಒದ್ದಾಗ್ಲೇ ಗೊತ್ತು. ನೀನು ಉಣ್ಣು ಮೊದ್ಲು. ಬರೋ ವರ್ಸವೂ ಕುಡಿಕೆ ನೀನೇ ಒಡೀಬೇಕು. ನಳಿಗೆ ನಾನು ಬಗ್ಗಿಸಿ ಕೊಡ್ತೀನಿ."